ಹಳೇ ಮನೆಯಲ್ಲಿ ಫ್ಯೂಸ್ ಹೋದರೆ: ತಂತಿ ಕಟ್ಟುವ ಮುಂಚೆ ಕಾರಣ ಹುಡುಕಿ

ನಮ್ಮ ಹಳೇ ಮನೆಯ ಫ್ಯೂಸ್ ಬೋರ್ಡ್‌ನಲ್ಲಿ ನಾಲ್ಕು ಬಿಳಿ ಪಿಂಗಾಣಿ ಫ್ಯೂಸ್‌ಗಳಿದ್ದವು. ಒಂದು ದಿನ ಮೂರನೆಯದನ್ನು ಎಳೆದು ನೋಡಿದೆ. ಒಳಗೆ ಫ್ಯೂಸ್ ತಂತಿಯೇ ಇರಲಿಲ್ಲ. ಯಾರೋ ಯಾವತ್ತೋ ವೈರ್‌ನ ಮೂರು ತಾಮ್ರದ ಎಳೆಗಳನ್ನು ಹೊಸೆದು, ಸ್ಕ್ರೂಗೆ ಸುತ್ತಿ ಬಿಗಿದಿದ್ದರು. ಆ ಫ್ಯೂಸ್ ವರ್ಷಗಟ್ಟಲೆ ಹೋಗಿರಲಿಲ್ಲ, ಮನೆಯವರೆಲ್ಲ ಅದನ್ನು 'ಒಳ್ಳೇ ಫ್ಯೂಸ್' ಅಂತಲೇ ಅಂದುಕೊಂಡಿದ್ದರು. ಆ ಲೈನಿನ ಒಂದು ಸ್ವಿಚ್ ಬೋರ್ಡ್ ಬಿಚ್ಚಿದಾಗ ನಿಜ ಗೊತ್ತಾಯಿತು. ವೈರ್ ಮೇಲಿನ ರಬ್ಬರ್ ಬೆರಳು ತಾಗಿದ್ದಕ್ಕೇ ಒಣಗಿದ ಎಲೆಯ ಹಾಗೆ ಪುಡಿಯಾಗಿ ಉದುರಿತು.

ಫ್ಯೂಸ್ ಹೋಗೋದು ತೊಂದರೆ ಅಲ್ಲ. ಎಲ್ಲೋ ತೊಂದರೆ ಇದೆ ಅಂತ ಅದು ಹೇಳುತ್ತಿದೆ. ಹಾಗಾಗಿ ತಂತಿ ಕಟ್ಟೋದು ಇಲ್ಲಿ ಅರ್ಧ ಕೆಲಸ ಮಾತ್ರ. ಯಾಕೆ ಹೋಯಿತು ಅಂತ ಕಂಡುಹಿಡಿಯೋದು ಇನ್ನರ್ಧ, ಮತ್ತು ಅದೇ ಮುಖ್ಯವಾದ ಅರ್ಧ.

ಮೊದಲ ಎರಡು ನಿಮಿಷ

ಕರೆಂಟ್ ಹೋದ ತಕ್ಷಣ ಅಕ್ಕಪಕ್ಕದ ಮನೆ, ಬೀದಿ ದೀಪ ನೋಡಿ. ಅಲ್ಲೂ ಇಲ್ಲ ಅಂದರೆ ಸುಮ್ನೆ ಕಾಯಿರಿ. ನಿಮ್ಮ ಮನೆಯಲ್ಲಿ ಮಾತ್ರ ಹೋಗಿದ್ದರೆ, ಅದರಲ್ಲೂ ಅರ್ಧ ಮನೆ ಕತ್ತಲಾಗಿ ಇನ್ನರ್ಧ ಉರಿಯುತ್ತಿದ್ದರೆ, ಒಂದು ಸರ್ಕ್ಯೂಟ್‌ನ ಫ್ಯೂಸ್ ಹೋಗಿದೆ ಅಂತ ಹೆಚ್ಚುಕಮ್ಮಿ ಖಚಿತ.

ಆಮೇಲೆ ಮೂಗು ಬಳಸಿ. ಸುಟ್ಟ ವಾಸನೆ, ಹೊಗೆ, ಗೋಡೆಯ ಒಳಗೆ ಚಿಟಿಚಿಟಿ ಸದ್ದು ಇದ್ದರೆ ಈ ಲೇಖನ ಅಲ್ಲಿಗೇ ಬಿಡಿ. ಮೇನ್ ಸ್ವಿಚ್ ಆಫ್ ಮಾಡಿ, ಎಲ್ಲರನ್ನೂ ಹೊರಗೆ ಕರೆದುಕೊಂಡು ಬನ್ನಿ, ಅಗ್ನಿಶಾಮಕ ದಳಕ್ಕೆ ಫೋನ್ ಮಾಡಿ. ಮೇನ್ ಸ್ವಿಚ್ ಹತ್ತಿರವೇ ಬೆಂಕಿ ಇದ್ದರೆ ಅದನ್ನೂ ಮುಟ್ಟಬೇಡಿ.

ಅಂಥದ್ದೇನೂ ಇಲ್ಲ ಅಂದರೆ, ಆ ಗಳಿಗೆಯಲ್ಲಿ ಏನೇನು ಆನ್ ಆಗಿತ್ತು ಅಂತ ನೆನಪು ಮಾಡಿಕೊಳ್ಳಿ. ಇಸ್ತ್ರಿ ಪೆಟ್ಟಿಗೆ ಹಚ್ಚಿದ ಕೂಡಲೇ ಹೋಯಿತಾ? ಮೋಟರ್ ಶುರುವಾದಾಗ ಹೋಯಿತಾ? ಯಾರೂ ಏನೂ ಮುಟ್ಟದೆ ಇದ್ದಾಗ ಹೋಯಿತಾ? ಹತ್ತು ನಿಮಿಷ ಆದಮೇಲೆ ಇದು ಮರೆತುಹೋಗುತ್ತದೆ. ಒಂದು ಚೀಟಿಯಲ್ಲಿ ಬರೆದಿಟ್ಟುಬಿಡಿ.

ಕೈ ಹಾಕುವ ಮುಂಚೆ

ಮೇನ್ ಸ್ವಿಚ್ ಆಫ್ ಮಾಡದೆ ಫ್ಯೂಸ್ ಎಳೆಯಬೇಡಿ. ಫ್ಯೂಸ್ ಹೋಗಿದ್ದರೂ ಅದರ ಹಿಡಿಕೆ ಕೂರುವ ಬುಡದಲ್ಲಿ ಒಂದು ಕಡೆಗೆ ಕರೆಂಟ್ ಇದ್ದೇ ಇರುತ್ತದೆ. ಅದಕ್ಕಿಂತ ಅಪಾಯ, ಶಾರ್ಟ್ ಆಗಿರುವ ಲೈನಿಗೆ ಮೇನ್ ಆನ್ ಇಟ್ಟುಕೊಂಡು ಹೊಸ ಫ್ಯೂಸ್ ತುರುಕೋದು. ತಂತಿ ನಿಮ್ಮ ಕೈಯಲ್ಲಿದ್ದಾಗಲೇ ಸಿಡಿಯುತ್ತದೆ, ಕರಗಿದ ತಾಮ್ರ ಕಣ್ಣಿಗೆ ಹಾರಬಹುದು.

ಮನೆಯಲ್ಲಿ ಇನ್ವರ್ಟರ್, ಜನರೇಟರ್ ಅಥವಾ ಸೋಲಾರ್ ಇದ್ದರೆ ಅದನ್ನೂ ಆಫ್ ಮಾಡಿ. ಇದನ್ನು ಬಹಳ ಜನ ಮರೆಯುತ್ತಾರೆ. ಮೇನ್ ಆಫ್ ಆದ ಕೂಡಲೇ ಇನ್ವರ್ಟರ್ ತಾನೇ ಶುರುವಾಗುತ್ತದೆ ಅಲ್ವಾ? ನೀವು 'ಸತ್ತಿದೆ' ಅಂದುಕೊಂಡ ವೈರ್‌ಗೆ ಅಲ್ಲಿಂದ ಕರೆಂಟ್ ಬರಬಹುದು.

ನೆಲ ಒದ್ದೆ ಇರಬಾರದು. ಕೈ ಒಣಗಿರಬೇಕು. ರಬ್ಬರ್ ಚಪ್ಪಲಿ ಹಾಕಿಕೊಳ್ಳಿ, ಸಾಧ್ಯವಾದರೆ ಒಣಗಿದ ಮರದ ಹಲಗೆಯ ಮೇಲೆ ನಿಲ್ಲಿ. ಉಂಗುರ, ಬಳೆ, ಲೋಹದ ವಾಚ್ ತೆಗೆದಿಡಿ. ಟಾರ್ಚ್ ಬೇಕು, ಮೇಣದ ಬತ್ತಿ ಬೇಡ. ಹಳೇ ಕಬ್ಬಿಣದ ಡಬ್ಬಿಯ ಮೇನ್ ಸ್ವಿಚ್ ಆದರೆ ಎದುರಿಗೆ ನಿಲ್ಲದೆ ಸ್ವಲ್ಪ ಪಕ್ಕಕ್ಕೆ ನಿಂತು, ಮುಖ ತಿರುಗಿಸಿ, ಹಿಡಿಯನ್ನು ಒಂದೇ ಸಲಕ್ಕೆ ಜೋರಾಗಿ ಕೆಳಗೆ ಎಳೆಯಿರಿ. ಮೆಲ್ಲಗೆ ಎಳೆದರೆ ಒಳಗೆ ಕಿಡಿ ಎದ್ದು ಸ್ವಿಚ್ಚಿನ ಲೋಹದ ಪಟ್ಟಿಗಳು ಸುಡುತ್ತವೆ.

ಇನ್ನು ಟೆಸ್ಟರ್. ಮೇನ್ ಆಫ್ ಮಾಡುವ ಮುಂಚೆ, ಕರೆಂಟ್ ಇರುವ ಒಂದು ಪಾಯಿಂಟ್‌ನಲ್ಲಿ ಟೆಸ್ಟರ್ ಉರಿಯುತ್ತದೆಯಾ ನೋಡಿಕೊಳ್ಳಿ. ಆಫ್ ಮಾಡಿದ ಮೇಲೆ ಅದೇ ಪಾಯಿಂಟ್‌ನಲ್ಲಿ ಆರಿದೆಯಾ ನೋಡಿ. ಕೆಟ್ಟುಹೋದ ಟೆಸ್ಟರ್ ಕೂಡ ಉರಿಯೋದಿಲ್ಲ, ಅದನ್ನು ನಂಬಿ ಕೈ ಹಾಕಿದವರಿದ್ದಾರೆ. ಮಲ್ಟಿಮೀಟರ್ ಬಳಸಲು ಬಂದರೆ ಇನ್ನೂ ಒಳ್ಳೆಯದು.

ಮೇನ್ ಆಫ್ ಮಾಡಿದರೂ ಮೀಟರ್‌ನಿಂದ ಮೇನ್ ಸ್ವಿಚ್‌ವರೆಗಿನ ವೈರ್‌ನಲ್ಲಿ ಕರೆಂಟ್ ಇದ್ದೇ ಇರುತ್ತದೆ. ಆ ಭಾಗಕ್ಕೆ, ಮೀಟರ್ ಪಕ್ಕ ಸೀಲ್ ಹಾಕಿರುವ ಫ್ಯೂಸ್‌ಗೆ ಕೈ ಹಾಕಬೇಡಿ. ಅದು ಕರೆಂಟ್ ಕೊಡುವವರ ಕೆಲಸ.

ಹೋದ ಫ್ಯೂಸನ್ನು ಓದಿ

ಈಗ ಒಂದೊಂದೇ ಫ್ಯೂಸ್ ಎಳೆದು ನೋಡಿ. ತಂತಿ ತುಂಡಾಗಿದ್ದು ಸಿಕ್ಕಿದ ಕೂಡಲೇ ಹೊಸದು ಕಟ್ಟಲು ಹೋಗಬೇಡಿ. ಟಾರ್ಚ್ ಹಿಡಿದು ಅರ್ಧ ನಿಮಿಷ ಸರಿಯಾಗಿ ನೋಡಿ. ತಂತಿ ತುಂಡಾದ ರೀತಿಯಲ್ಲೇ ಅರ್ಧ ಕಥೆ ಇರುತ್ತದೆ.

ತಂತಿ ಮಧ್ಯದಲ್ಲಿ ನೀಟಾಗಿ ತುಂಡಾಗಿ, ಎರಡೂ ತುದಿಯಲ್ಲಿ ಸಣ್ಣ ಗುಂಡು ಕಟ್ಟಿದ್ದು, ಪಿಂಗಾಣಿ ಬಿಳಿಯಾಗೇ ಇದ್ದರೆ ಅದು ಸಾಮಾನ್ಯವಾಗಿ ಲೋಡ್ ಜಾಸ್ತಿ ಆಗಿದ್ದರ ಗುರುತು. ತಂತಿ ನಿಧಾನವಾಗಿ ಕಾದು ಕರಗಿದೆ.

ತಂತಿ ಹೆಚ್ಚುಕಮ್ಮಿ ಪೂರ್ತಿ ಮಾಯವಾಗಿ, ಪಿಂಗಾಣಿಗೆ ಕಪ್ಪು ಮಸಿ ಮೆತ್ತಿಕೊಂಡು, ತಾಮ್ರದ ಸಣ್ಣ ಚುಕ್ಕಿಗಳು ಅಂಟಿದ್ದರೆ ಶಾರ್ಟ್ ಆಗಿದೆ. ಒಂದೇ ಕ್ಷಣದಲ್ಲಿ ನೂರಾರು ಆಂಪಿಯರ್ ಹರಿದು ತಂತಿ ಆವಿಯಾಗಿದೆ.

ಮೂರನೆಯದನ್ನು ಗಮನಿಸುವವರು ಕಡಿಮೆ. ತಂತಿ ಸ್ಕ್ರೂ ಪಕ್ಕದಲ್ಲೇ ತುಂಡಾಗಿದೆ, ಆ ತುದಿಯ ಪಿಂಗಾಣಿ ಮಾತ್ರ ಕಂದು ಬಣ್ಣಕ್ಕೆ ತಿರುಗಿದೆ, ಹಿತ್ತಾಳೆ ಕಪ್ಪಾಗಿದೆ. ಇಲ್ಲಿ ಲೋಡ್‌ದೂ ತಪ್ಪಿಲ್ಲ, ಶಾರ್ಟ್ ಕೂಡ ಆಗಿಲ್ಲ. ಸ್ಕ್ರೂ ಸಡಿಲ, ಇಲ್ಲವೇ ಹಿಡಿಕೆಯ ಹಿತ್ತಾಳೆ ನಾಲಿಗೆ ಬುಡದಲ್ಲಿ ಬಿಗಿಯಾಗಿ ಕೂರುತ್ತಿಲ್ಲ. ಆ ಸಡಿಲ ಜಾಗವೇ ಕಾದು ತಂತಿಯನ್ನು ಸುಟ್ಟಿದೆ. ಹಳೇ ಬೋರ್ಡ್‌ಗಳಲ್ಲಿ 'ಸುಮ್ಸುಮ್ನೆ ಫ್ಯೂಸ್ ಹೋಗುತ್ತೆ' ಅನ್ನುವ ದೂರಿಗೆ ಎಷ್ಟೋ ಸಲ ಇದೇ ಕಾರಣ.

ನಿಮ್ಮದು ಗಾಜಿನ ಕಿಟಕಿ ಇರುವ, ಬಲ್ಬಿನ ಹಾಗೆ ತಿರುಗಿಸಿ ಹಾಕುವ ಫ್ಯೂಸ್ ಆದರೂ ಓದುವ ಕ್ರಮ ಇದೇ. ಗಾಜು ಸ್ವಚ್ಛವಾಗಿದ್ದು ಒಳಗಿನ ಪಟ್ಟಿ ತುಂಡಾಗಿದ್ದರೆ ಲೋಡ್, ಗಾಜು ಕಪ್ಪಾಗಿದ್ದರೆ ಅಥವಾ ಬೆಳ್ಳಿ ಬಳಿದ ಹಾಗಿದ್ದರೆ ಶಾರ್ಟ್. ಬಾಟಲಿ ಆಕಾರದ ಪಿಂಗಾಣಿ ಫ್ಯೂಸ್‌ಗಳಲ್ಲಿ ತುದಿಯ ಬಣ್ಣದ ಚುಕ್ಕಿ ಕಳಚಿಕೊಂಡಿರುತ್ತದೆ. ಕೊಳವೆ ಫ್ಯೂಸ್ ಹೊರಗಿಂದ ನೋಡಿದರೆ ಗೊತ್ತಾಗಲ್ಲ. ಅದನ್ನು ಹೊರಗೆ ತೆಗೆದು ಮಲ್ಟಿಮೀಟರ್‌ನಲ್ಲಿ ನೋಡಬೇಕು. ಇವುಗಳಲ್ಲಿ ತಂತಿ ಕಟ್ಟುವ ಮಾತೇ ಇಲ್ಲ, ಅಷ್ಟೇ ಆಂಪಿಯರ್‌ನ ಹೊಸ ಫ್ಯೂಸ್ ಹಾಕಬೇಕು. ಫ್ಯೂಸ್ ಹಿಂದುಗಡೆ ನಾಣ್ಯ ಇಡೋದು, ಬೆಳ್ಳಿ ಕಾಗದ ಸುತ್ತೋದು ಎರಡೂ ಮನೆ ಸುಡುವ ಕೆಲಸ.

ಲೋಡ್ ಲೆಕ್ಕ

ಲೋಡ್ ಜಾಸ್ತಿ ಅನ್ನಿಸಿದರೆ ಲೆಕ್ಕ ಹಾಕಿ ನೋಡಿ, ಕಷ್ಟವೇನಿಲ್ಲ. ಉಪಕರಣದ ಹಿಂದೆ ಬರೆದಿರುವ ವ್ಯಾಟ್ ಅನ್ನು ವೋಲ್ಟೇಜ್‌ನಿಂದ ಭಾಗಿಸಿದರೆ ಆಂಪಿಯರ್ ಸಿಗುತ್ತದೆ. 230 ವೋಲ್ಟ್ ಇರುವಲ್ಲಿ 1000 ವ್ಯಾಟ್ ಇಸ್ತ್ರಿ ಪೆಟ್ಟಿಗೆ ಸುಮಾರು 4.3 ಆಂಪಿಯರ್ ಎಳೆಯುತ್ತದೆ. 2000 ವ್ಯಾಟ್ ಗೀಸರ್ 8.7 ಆಂಪಿಯರ್. 1500 ವ್ಯಾಟ್ ಕೆಟಲ್ 6.5 ಆಂಪಿಯರ್. ಮೂರೂ ಒಂದೇ 15 ಆಂಪಿಯರ್ ಫ್ಯೂಸ್ ಮೇಲಿದ್ದರೆ ಒಟ್ಟು 19.5 ಆಯಿತು. 120 ವೋಲ್ಟ್ ಬಳಸುವ ಕಡೆ ಇದೇ ವ್ಯಾಟ್‌ಗೆ ಆಂಪಿಯರ್ ಹೆಚ್ಚುಕಮ್ಮಿ ಎರಡರಷ್ಟಾಗುತ್ತದೆ.

ಆದರೆ 19.5 ಆಂಪಿಯರ್ ಬಂದ ಕೂಡಲೇ 15ರ ತಂತಿ ಹೋಗುವುದಿಲ್ಲ. ಕಟ್ಟುವ ಫ್ಯೂಸ್ ತಂತಿ ತನ್ನ ರೇಟಿಂಗ್‌ನ ಸುಮಾರು ಎರಡರಷ್ಟು ಕರೆಂಟ್ ಬರುವವರೆಗೂ ತಡೆದುಕೊಳ್ಳಬಲ್ಲದು. ಅಂದರೆ ಫ್ಯೂಸ್ ಹೋಗುವ ಮುಂಚೆಯೇ ಗೋಡೆಯ ಒಳಗಿನ ವೈರ್ ಗಂಟೆಗಟ್ಟಲೆ ಕಾದಿರಬಹುದು. ಬಿಸಿ ಬೇರೆ ಕರೆಂಟ್‌ನ ವರ್ಗದ ಲೆಕ್ಕದಲ್ಲಿ ಏರುತ್ತದೆ. ಕರೆಂಟ್ ಎರಡು ಪಟ್ಟಾದರೆ ಬಿಸಿ ನಾಲ್ಕು ಪಟ್ಟು. ಹಾಗಾಗಿ ಲೋಡ್‌ನಿಂದ ಫ್ಯೂಸ್ ಒಂದು ಸಲ ಹೋದರೂ ಸಾಕು, ಆ ಲೈನಿನ ದೊಡ್ಡ ಉಪಕರಣಗಳನ್ನು ಒಟ್ಟಿಗೆ ಹಾಕೋದು ನಿಲ್ಲಿಸಿ.

ಮೋಟರ್ ಇರುವ ವಸ್ತುಗಳದ್ದು ಇನ್ನೊಂದು ಥರ. ಫ್ರಿಜ್, ಪಂಪ್, ಮಿಕ್ಸಿ ಶುರುವಾಗುವ ಆ ಒಂದು ಕ್ಷಣ ಮಾಮೂಲಿಗಿಂತ ಐದಾರು ಪಟ್ಟು ಕರೆಂಟ್ ಎಳೆಯಬಹುದು. ತಂತಿ ಕಾಯಲು ಸ್ವಲ್ಪ ಹೊತ್ತು ಬೇಕಾಗುವುದರಿಂದ ಸಾಮಾನ್ಯವಾಗಿ ತಡೆದುಕೊಳ್ಳುತ್ತದೆ. ಲೈನ್ ಮೊದಲೇ ತುಂಬಿದ್ದರೆ ಮಾತ್ರ ಹೋಗುತ್ತದೆ.

ತಂತಿ ಕಟ್ಟುವುದು

ಮೊದಲು ಯಾವ ತಂತಿ ಅಂತ ತಿಳಿದಿರಬೇಕು. ತವರ ಲೇಪಿಸಿದ ತಾಮ್ರದ ಫ್ಯೂಸ್ ತಂತಿಯಲ್ಲಿ 5 ಆಂಪಿಯರ್‌ದು 0.2 ಮಿ.ಮೀ. ದಪ್ಪ, 10ರದ್ದು 0.35, 15ರದ್ದು 0.5, 20ರದ್ದು 0.6, 30ರದ್ದು 0.85 ಮಿ.ಮೀ. ಲೈಟ್ ಲೈನಿಗೆ ಸಾಮಾನ್ಯವಾಗಿ 5, ಪ್ಲಗ್ ಪಾಯಿಂಟ್‌ಗಳಿಗೆ 15. ಆದರೆ ನಿಮ್ಮ ಮನೆಗೆ ಯಾವುದು ಅನ್ನೋದನ್ನು ಗೋಡೆಯ ಒಳಗಿನ ವೈರ್ ಹೇಳಬೇಕು. ಹಿಡಿಕೆಯ ಮೇಲೆ ಅಚ್ಚಾದ ಅಂಕಿ ಅದು ಹೊರಬಲ್ಲ ಗರಿಷ್ಠ ಮಾತ್ರ. ಅಷ್ಟೇ ತಂತಿ ಹಾಕಬೇಕು ಅಂತ ಅರ್ಥ ಅಲ್ಲ.

ಮೇಲೆ ಹೇಳಿದ ನಮ್ಮ ಮೂರು ಎಳೆಯ 'ಒಳ್ಳೇ ಫ್ಯೂಸ್' ಅಳೆದು ನೋಡಿದ್ದೆ. ಒಂದೊಂದು ಎಳೆ 0.7 ಮಿ.ಮೀ. ಮೂರೂ ಸೇರಿದರೆ ಸುಮಾರು 45 ಆಂಪಿಯರ್ ಫ್ಯೂಸ್ ತಂತಿಯಷ್ಟು ತಾಮ್ರ. ಅದು ಇದ್ದದ್ದು 5 ಆಂಪಿಯರ್ ಸಾಕಾಗುವ ಲೈಟ್ ಲೈನಿನಲ್ಲಿ! ಆ ಲೆಕ್ಕ ಹಾಕಿದ ದಿನ ನನಗೆ ನಿಜವಾಗಿ ಭಯವಾಯಿತು. ಆ ಲೈನಿನಲ್ಲಿ ಏನಾದರೂ ಆಗಿದ್ದರೆ ಮೊದಲು ಕರಗುತ್ತಿದ್ದದ್ದು ಮಕ್ಕಳು ಮಲಗುವ ಕೋಣೆಯ ಸೂರಿನ ವೈರ್, ಫ್ಯೂಸ್ ಅಲ್ಲ.

ಸರಿ, ಕೆಲಸಕ್ಕೆ ಬರೋಣ. ಹಿಡಿಕೆಯ ಎರಡೂ ಸ್ಕ್ರೂ ಸಡಿಲಿಸಿ. ಹಳೇ ತಂತಿಯ ತುಂಡುಗಳನ್ನು ಪೂರ್ತಿ ತೆಗೆಯಿರಿ. ಸ್ಕ್ರೂ ಕೆಳಗೆ ಸಿಕ್ಕಿಕೊಂಡ ಚೂರು ಉಳಿದರೆ ಹೊಸ ತಂತಿ ಸರಿಯಾಗಿ ಕೂರುವುದಿಲ್ಲ. ಮಸಿಯನ್ನು ಒಣ ಬಟ್ಟೆಯಲ್ಲಿ ಒರೆಸಿ, ಯಾಕಂದರೆ ಮಸಿಯ ಮೇಲೂ ಕರೆಂಟ್ ಹರಿಯಬಹುದು. ಕೆಲವು ಬಹಳ ಹಳೇ ಹಿಡಿಕೆಗಳಲ್ಲಿ ತಂತಿ ಹಾಯುವ ಜಾಗಕ್ಕೆ ಬಿಳಿ ಅಥವಾ ಬೂದು ಬಣ್ಣದ ನಾರಿನಂಥ ಪಟ್ಟಿ ಇಲ್ಲವೇ ಕೊಳವೆ ಇರುತ್ತದೆ. ಅದು ಆಸ್ಬೆಸ್ಟಾಸ್ ಇರಬಹುದು. ಅದನ್ನು ಕೆರೆಯಬೇಡಿ, ಉಜ್ಜಬೇಡಿ, ಊದಬೇಡಿ. ಹಿಡಿಕೆಯನ್ನೇ ಬದಲಿಸಿ. ಪಿಂಗಾಣಿ ಬಿರುಕು ಬಿಟ್ಟಿದ್ದರೂ ಅಷ್ಟೇ.

ಒಂದು ಗೇಣು ಫ್ಯೂಸ್ ತಂತಿ ಕತ್ತರಿಸಿಕೊಳ್ಳಿ. ಒಂದೇ ಎಳೆ. ಮೊದಲ ಸ್ಕ್ರೂಗೆ, ಸ್ಕ್ರೂ ಬಿಗಿಯಾಗುವ ದಿಕ್ಕಿನಲ್ಲೇ, ಅಂದರೆ ಗಡಿಯಾರದ ಮುಳ್ಳು ತಿರುಗುವ ಕಡೆಗೆ, ಒಂದು ಸುತ್ತು ಹಾಕಿ. ಉಲ್ಟಾ ಸುತ್ತಿದರೆ ಬಿಗಿಯುವಾಗ ತಂತಿ ಹೊರಗೆ ಜಾರುತ್ತದೆ. ಬಿಗಿಯಿರಿ, ಆದರೆ ತಂತಿ ಕತ್ತರಿಸುವಷ್ಟಲ್ಲ. ತಂತಿಯನ್ನು ಅದರ ತೋಡಿನಲ್ಲೇ ಹಾಯಿಸಿ ಇನ್ನೊಂದು ಸ್ಕ್ರೂಗೆ ತನ್ನಿ. ಇಲ್ಲಿ ಎಲ್ಲರೂ ಮಾಡುವ ತಪ್ಪು, ವೀಣೆಯ ತಂತಿ ಥರ ಎಳೆದು ಕಟ್ಟೋದು. ಎಳೆದರೆ ತಂತಿ ಸಣ್ಣಗಾಗುತ್ತದೆ, ಎರಡನೇ ಸ್ಕ್ರೂ ಬಿಗಿಯುವಾಗ ಇನ್ನೂ ಎಳೆಯುತ್ತದೆ, ಆ ತೆಳು ಜಾಗ ನಾಳೆ ಕಾರಣವಿಲ್ಲದೆ ತುಂಡಾಗುತ್ತದೆ. ಕೂದಲೆಳೆಯಷ್ಟು ಸಡಿಲ ಬಿಡಿ. ಉಳಿದ ಬಾಲವನ್ನು ಕತ್ತರಿಸಿ. ಅದು ಪಕ್ಕದ ಲೋಹಕ್ಕೆ ತಾಗಬಾರದು.

ಹಿಡಿಕೆಯನ್ನು ಬುಡಕ್ಕೆ ಒತ್ತಿ ಕೂರಿಸಿ. ಗಟ್ಟಿಯಾಗಿ ಕೂರಬೇಕು. ಅಲುಗಾಡಿದರೆ ಆ ಬುಡವನ್ನು ಎಲೆಕ್ಟ್ರಿಷಿಯನ್ ಕೈಲಿ ಬದಲಿಸಿ.

ಕರೆಂಟ್ ಕೊಡುವ ಕ್ರಮ, ಕಳ್ಳನನ್ನು ಹಿಡಿಯುವ ಕ್ರಮ

ಮೇನ್ ಹಾಕುವ ಮುಂಚೆ ಆ ಲೈನಿನ ಎಲ್ಲಾ ಸ್ವಿಚ್ ಆಫ್ ಮಾಡಿ, ಎಲ್ಲಾ ಪ್ಲಗ್ ಕಿತ್ತುಬಿಡಿ. ಸ್ವಿಚ್ ಆಫ್ ಮಾಡಿದರೆ ಸಾಲದು, ಹಳೇ ಮನೆಗಳಲ್ಲಿ ಸ್ವಿಚ್ ನ್ಯೂಟ್ರಲ್‌ಗೆ (ಕರೆಂಟ್ ವಾಪಸ್ ಹೋಗುವ ವೈರ್‌ಗೆ) ಕೂತಿರುವುದೂ ಉಂಟು. ಈಗ ಬೋರ್ಡ್ ಮುಚ್ಚಿ, ಪಕ್ಕಕ್ಕೆ ನಿಂತು ಮೇನ್ ಹಾಕಿ.

ಏನೂ ಹಚ್ಚದೆ ಇದ್ದಾಗಲೇ ಫ್ಯೂಸ್ ಹೋಯಿತಾ? ಹಾಗಾದರೆ ತೊಂದರೆ ಗೋಡೆಯ ಒಳಗಿನ ವೈರಿಂಗ್‌ನಲ್ಲಿದೆ. ನಿಮ್ಮ ಕೆಲಸ ಇಲ್ಲಿಗೆ ಮುಗಿಯಿತು. ಆ ಫ್ಯೂಸನ್ನು ಹೊರಗೇ ಇಟ್ಟು ಎಲೆಕ್ಟ್ರಿಷಿಯನ್ ಕರೆಸಿ.

ಫ್ಯೂಸ್ ಹೋಗದೆ ನಿಂತರೆ ಒಂದೊಂದೇ ಸ್ವಿಚ್ ಹಾಕುತ್ತಾ ಬನ್ನಿ, ಒಂದೊಂದರ ನಡುವೆ ಸ್ವಲ್ಪ ಹೊತ್ತು ಬಿಡಿ. ಲೈಟ್‌ಗಳು ಮೊದಲು, ಆಮೇಲೆ ಫ್ಯಾನ್, ಕೊನೆಗೆ ಪ್ಲಗ್ ಹಾಕುವ ವಸ್ತುಗಳು. ಯಾವುದನ್ನು ಹಾಕಿದಾಗ ಹೋಯಿತೋ ಅದೇ ಕಳ್ಳ. ವಸ್ತುವಿನದ್ದಾದರೆ ಹೆಚ್ಚಾಗಿ ತಪ್ಪಿರುವುದು ಅದರ ವೈರ್ ಪ್ಲಗ್‌ಗೆ ಸೇರುವ ಜಾಗದಲ್ಲಿ, ಇಲ್ಲವೇ ಮತ್ತೆ ಮತ್ತೆ ಮಡಚಿ ಸವೆದ ಜಾಗದಲ್ಲಿ. ಲೈಟ್‌ನದ್ದಾದರೆ ಹೋಲ್ಡರ್ ಒಳಗೆ ನೋಡಿಸಿ.

ಎರಡು ಸಲ ತಂತಿ ಕಟ್ಟಿಯೂ ಹೋದರೆ ಮೂರನೇ ಸಲ ಕಟ್ಟಬೇಡಿ. ಪ್ರತಿ ಸಲ ಶಾರ್ಟ್ ಆದಾಗಲೂ ಹಳೇ ವೈರ್‌ಗೆ ಒಂದು ದೊಡ್ಡ ಏಟು ಬೀಳುತ್ತದೆ.

ನಮ್ಮ ಮನೆಯಲ್ಲಿ ಒಂದು ಫ್ಯೂಸ್ ತಿಂಗಳಿಗೊಮ್ಮೆ ಹೋಗುತ್ತಿತ್ತು, ಯಾವ ಲೆಕ್ಕಕ್ಕೂ ಸಿಗುತ್ತಿರಲಿಲ್ಲ. ತಾರೀಖು ಬರೆದಿಡಲು ಶುರುಮಾಡಿದ ಮೇಲೆ ಗೊತ್ತಾಯಿತು: ಹೋಗುತ್ತಿದ್ದದ್ದೆಲ್ಲ ಗಾಳಿಮಳೆ ಬಂದ ರಾತ್ರಿಗಳಲ್ಲಿ. ಹೊರಗಿನ ಬಾಗಿಲ ಮೇಲಿನ ಲೈಟ್ ಬಿಚ್ಚಿದರೆ, ಹೋಲ್ಡರ್‌ನ ಹಿತ್ತಾಳೆಗೆ ಹಸಿರು ಕಿಲುಬು ಹಿಡಿದಿತ್ತು, ವೈರ್ ಬರುವ ತೂತಿನಿಂದ ನೀರಿನ ಹನಿಯೊಂದು ಇನ್ನೂ ಜಿನುಗುತ್ತಿತ್ತು. ವೈರ್ ಮೇಲಿನಿಂದ ನೇರ ಒಳಗೆ ಬರುತ್ತಿದ್ದರಿಂದ ಮಳೆನೀರು ಅದರ ಮೇಲೇ ಹರಿದು ಒಳಗೆ ಇಳಿಯುತ್ತಿತ್ತು. ಮಳೆ ತಡೆಯುವ ಹೊಸ ಲೈಟ್ ಹಾಕಿಸಿ, ವೈರ್ ಕೆಳಗಿನಿಂದ ಬಳಸಿ ಬರುವ ಹಾಗೆ ಮಾಡಿಸಿದೆವು. ಅಲ್ಲಿಗೆ ನಿಂತಿತು.

ನ್ಯೂಟ್ರಲ್ ಫ್ಯೂಸ್ ಎಂಬ ಗುಪ್ತ ಅಪಾಯ

ಇದನ್ನು ದಯವಿಟ್ಟು ಎರಡು ಸಲ ಓದಿ. ಹಳೇ ಕಾಲದ ಬೋರ್ಡ್‌ಗಳಲ್ಲಿ ಫೇಸ್‌ಗೆ (ಕರೆಂಟ್ ಬರುವ ವೈರ್‌ಗೆ) ಒಂದು, ನ್ಯೂಟ್ರಲ್‌ಗೆ ಒಂದು, ಹೀಗೆ ಎರಡಕ್ಕೂ ಫ್ಯೂಸ್ ಹಾಕುತ್ತಿದ್ದರು. ನ್ಯೂಟ್ರಲ್ ಫ್ಯೂಸ್ ಹೋದರೆ ಲೈಟ್ ಆರುತ್ತದೆ, ಫ್ಯಾನ್ ನಿಲ್ಲುತ್ತದೆ. ನೋಡಿದರೆ ಕರೆಂಟ್ ಇಲ್ಲ ಅನ್ನಿಸುತ್ತದೆ. ಆದರೆ ಫೇಸ್ ಇನ್ನೂ ಜೀವಂತವಾಗಿ ಹೋಲ್ಡರ್‌ವರೆಗೆ ಬಂದು ಕೂತಿದೆ. 'ಹೇಗೂ ಕರೆಂಟ್ ಇಲ್ವಲ್ಲ' ಅಂತ ಬಲ್ಬ್ ಬಿಚ್ಚಿ ಒಳಗೆ ಬೆರಳು ಹಾಕಿದರೆ ಷಾಕ್ ಹೊಡೆಯುತ್ತದೆ.

ಗುರುತು ಹಿಡಿಯೋದು ಹೀಗೆ: ಯಾವುದೋ ಒಂದು ಲೈಟಿನ ಸ್ವಿಚ್ ಆನ್ ಇದ್ದು, ಸಾಕೆಟ್‌ನ ಫೇಸ್, ನ್ಯೂಟ್ರಲ್ ಎರಡೂ ತೂತಿನಲ್ಲಿ ಟೆಸ್ಟರ್ ಉರಿದರೆ ನ್ಯೂಟ್ರಲ್ ಎಲ್ಲೋ ಕಡಿದಿದೆ. ಆ ಲೈಟಿನ ಮೂಲಕವೇ ಫೇಸ್ ನ್ಯೂಟ್ರಲ್ ವೈರ್‌ಗೂ ಬಂದಿದೆ. ತಕ್ಷಣ ಮೇನ್ ಆಫ್ ಮಾಡಿ. ಎಲೆಕ್ಟ್ರಿಷಿಯನ್ ಬಂದಾಗ, ಯಾವುದು ಫೇಸ್ ಯಾವುದು ನ್ಯೂಟ್ರಲ್ ಅಂತ ಅಳೆದು ಖಚಿತ ಮಾಡಿಕೊಂಡು, ನ್ಯೂಟ್ರಲ್‌ನ ಫ್ಯೂಸ್ ತೆಗೆದು ಕಡಿಯದ ತಾಮ್ರದ ಲಿಂಕ್ ಹಾಕಲು ಹೇಳಿ. ಇದನ್ನು ನೀವೇ ಮಾಡಲು ಹೋಗಬೇಡಿ. ಅಂದಾಜಿನಲ್ಲಿ ಮಾಡಿ ಫೇಸ್‌ಗೇ ಲಿಂಕ್ ಹಾಕಿಬಿಟ್ಟರೆ ಆ ಲೈನಿಗೆ ಕಾವಲೇ ಇರುವುದಿಲ್ಲ.

ಎಂಸಿಬಿ ಹಾಕಿಸುವಾಗ

ಫ್ಯೂಸ್ ವೈರಿಂಗನ್ನು ಕಾಯುತ್ತದೆ, ಮನುಷ್ಯನನ್ನಲ್ಲ. ದೇಹದಲ್ಲಿ ಹತ್ತಾರು ಮಿಲಿಆಂಪಿಯರ್ ಹರಿದರೂ ಜೀವ ಹೋಗಬಹುದು. 5 ಆಂಪಿಯರ್ ಅಂದರೆ 5000 ಮಿಲಿಆಂಪಿಯರ್. ಷಾಕ್ ಹೊಡೆದಾಗ ಫ್ಯೂಸ್ ಹೋಗಿ ಬದುಕಿಸುತ್ತದೆ ಅಂತ ನಂಬಿಕೊಂಡು ಕೂರಬೇಡಿ. ಅದಕ್ಕೆ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ (ಕರೆಂಟ್ ಸೋರಿದ ಕೂಡಲೇ ತಾನೇ ಆಫ್ ಆಗುವ ಸ್ವಿಚ್) ಬೇಕು. ಹಳೇ ಮನೆಗೆ ಒಂದೇ ಒಂದು ಸುಧಾರಣೆ ಮಾಡಿಸಲು ಸಾಧ್ಯ ಅಂದರೆ, ನಾನು ಅದನ್ನೇ ಹೇಳುತ್ತೇನೆ. ಜೊತೆಗೆ ಅರ್ತಿಂಗ್ ಸರಿ ಇದೆಯಾ ಅಂತಲೂ ನೋಡಿಸಿ.

ಫ್ಯೂಸ್ ತೆಗೆದು ಎಂಸಿಬಿ (ಲೋಡ್ ಜಾಸ್ತಿಯಾದರೆ, ಶಾರ್ಟ್ ಆದರೆ ತಾನೇ ಆಫ್ ಆಗುವ ಸ್ವಿಚ್) ಹಾಕಿಸೋದು ಒಳ್ಳೆಯದೇ. ಆದರೆ ಎಂಸಿಬಿ ಹಾಕಿದ್ದಕ್ಕೆ ಹಳೇ ವೈರ್ ಹೊಸದಾಗುವುದಿಲ್ಲ. ಮೊದಲು ಮೆಗ್ಗರ್ ಅನ್ನುವ ಮೀಟರ್ ಹಚ್ಚಿ 500 ವೋಲ್ಟ್‌ನಲ್ಲಿ ವೈರ್‌ನ ಇನ್ಸುಲೇಶನ್ (ಮೇಲಿನ ಹೊದಿಕೆ) ನೋಡಲು ಹೇಳಿ. 1 ಮೆಗಾಓಮ್‌ಗಿಂತ ಕಡಿಮೆ ಬಂದರೆ ಆ ಲೈನಿನ ವೈರ್ ಬದಲಿಸುವ ಮಾತು ಶುರುಮಾಡಬೇಕು. ಮೆಗ್ಗರ್ ಹಚ್ಚುವ ಮುಂಚೆ ಟಿವಿ, ಕಂಪ್ಯೂಟರ್, ಎಲ್‌ಇಡಿ ಬಲ್ಬ್ ಎಲ್ಲ ಬಿಚ್ಚಿಡಿ, ಇಲ್ಲದಿದ್ದರೆ ಅವು ಕೆಡಬಹುದು.

ಎಂಸಿಬಿ ಹಾಕಿದ ಮೇಲೆ 'ಮುಂಚೆ ಫ್ಯೂಸ್ ಇದ್ದಾಗ ಚೆನ್ನಾಗಿತ್ತು, ಈಗ ಪದೇ ಪದೇ ಬೀಳುತ್ತೆ' ಅನ್ನುವವರಿದ್ದಾರೆ. ಫ್ಯೂಸ್ ತಂತಿ ಎರಡರಷ್ಟು ಕರೆಂಟ್‌ವರೆಗೂ ಸುಮ್ಮನಿರುತ್ತಿತ್ತು. ಎಂಸಿಬಿ ತನ್ನ ರೇಟಿಂಗ್‌ನ 1.45 ಪಟ್ಟು ಆದರೆ ಒಂದು ಗಂಟೆಯೊಳಗೆ ಬೀಳಲೇಬೇಕು. ಅಂದರೆ ಲೋಡ್ ಮೊದಲೂ ಜಾಸ್ತಿಯೇ ಇತ್ತು, ಈಗ ಗೊತ್ತಾಗುತ್ತಿದೆ. ದೊಡ್ಡ ಎಂಸಿಬಿ ಹಾಕಿ ಅಂತ ಒತ್ತಾಯ ಮಾಡಬೇಡಿ. ಗೀಸರ್‌ಗೆ ಬೇರೆ ವೈರ್ ಎಳೆಸಿ.

ಬೋರ್ಡ್ ಪಕ್ಕ ಇರಬೇಕಾದದ್ದು

ಹಗಲಲ್ಲಿ ಒಂದು ದಿನ ಬಿಡುವು ಮಾಡಿಕೊಂಡು, ಮೇನ್ ಆಫ್ ಮಾಡಿ, ಒಂದು ಫ್ಯೂಸ್ ತೆಗೆದಿಟ್ಟು ಮತ್ತೆ ಮೇನ್ ಹಾಕಿ. ಮನೆಯಲ್ಲಿ ಏನೇನು ಆರಿದೆ ನೋಡಿ, ಆ ಹೆಸರನ್ನು ಫ್ಯೂಸ್ ಮೇಲೆ ಅಂಟಿಸಿ. ಎಲ್ಲಕ್ಕೂ ಹೀಗೆ ಮಾಡಿ. ರಾತ್ರಿ ಹೊತ್ತು ಇದರ ಬೆಲೆ ಗೊತ್ತಾಗುತ್ತದೆ. ಸರಿಯಾದ ಅಳತೆಯ ಫ್ಯೂಸ್ ತಂತಿ, ಟಾರ್ಚ್, ಟೆಸ್ಟರ್ ಅಲ್ಲೇ ಒಂದು ಡಬ್ಬಿಯಲ್ಲಿರಲಿ. ದಪ್ಪ ವೈರ್ ತುಂಡು ಮಾತ್ರ ಆ ಡಬ್ಬಿಯಲ್ಲಿ ಇರಬಾರದು, ಇದ್ದರೆ ಯಾರಾದರೂ ಅವಸರದಲ್ಲಿ ಅದನ್ನೇ ಕಟ್ಟುತ್ತಾರೆ.

ಬೋರ್ಡ್ ಬಾಗಿಲಿನ ಒಳಗೆ ಒಂದು ಚೀಟಿ ಅಂಟಿಸಿ: ತಾರೀಖು, ಹೊತ್ತು, ಯಾವ ಫ್ಯೂಸ್, ಆಗ ಏನೇನು ಆನ್ ಇತ್ತು, ಹೊರಗೆ ಮಳೆ ಇತ್ತಾ. ಪ್ರತಿ ಸಲ ಒಂದು ಸಾಲು ಬರೆಯಿರಿ. ಎಲೆಕ್ಟ್ರಿಷಿಯನ್ ಬಂದಾಗ ಮೊದಲು ಆ ಚೀಟಿ ತೋರಿಸಿ.